ಕಮಲಾಪುರದ ಶೆಡ್ಡಿನ ಬೀಗ

ನಮ್ಮ ಸಾಹುಕಾರರು ನನ್ನನ್ನು ಮ್ಯಾನೇಜರ್ ಮಾಡಿದ್ದು ನನ್ನ ಮೇಲಿನ ಪ್ರೀತಿಯಿಂದೇನಲ್ಲ. ಆ ಕುರ್ಚಿಯಲ್ಲಿ ಕೂರಲು ಬೇರೆ ಯಾರೂ ಉಳಿದಿರಲಿಲ್ಲ. ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಅವರ ರೊಟ್ಟಿ ಅಂಗಡಿಯಲ್ಲಿ ನಾನು ವರ್ಷಗಟ್ಟಲೆ ಗಲ್ಲೆಯ ಪಕ್ಕ ನಿಂತು ಗಿರಾಕಿಗಳ ಜೊತೆ ಬಾಯಿ ಮಾಡಿದವಳು. ರೊಟ್ಟಿಯನ್ನು ಉಗುರಿನಿಂದ ಚಿವುಟಿ ನೋಡಿ ವಾಪಸು ಇಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಬಾಯಿ ಜರಾ ಸಣ್ಣದು ಮಾಡವಾ, ಗಿರಾಕಿ ಓಡಿ ಹೋಗ್ತಾರ" ಎಂದು ಸಾಹುಕಾರರು ದಿನವೂ ಹೇಳುತ್ತಿದ್ದರು. ಕೊನೆಗೆ ಅದೇ ಬಾಯಿಯನ್ನು ನೆಚ್ಚಿಕೊಂಡು ನನ್ನನ್ನು ಕಮಲಾಪುರಕ್ಕೆ ಕಳಿಸಿದರು.

ಅಂಗಡಿಯ ರೊಟ್ಟಿಯೆಲ್ಲ ತಯಾರಾಗುತ್ತಿದ್ದುದು ಕಮಲಾಪುರದ ಊರಂಚಿನ ತಗಡಿನ ಶೆಡ್ಡಿನಲ್ಲಿ. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಕೆಂಪು ಬಾಳೆಯ ತೋಟ. ಸುತ್ತಲಿನ ಹೆಣ್ಣುಮಕ್ಕಳು ಸಾಲು ಒಲೆಗಳ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಆದರೆ ಕೆಲವು ತಿಂಗಳಿಂದ ಆ ಶೆಡ್ಡಿಗೆ ಏನೋ ಆಗಿತ್ತು. ಬರಬೇಕಾದವರಲ್ಲಿ ಅರ್ಧ ಜನ ಬರುತ್ತಿರಲಿಲ್ಲ. ಬಂದವರೂ ಯಾರದೋ ಮನೆಯ ಕೆಲಸ ಎಂಬಂತೆ ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದರು. ಟೆಂಪೊದಲ್ಲಿ ಬರುವ ಬುಟ್ಟಿಗಳಲ್ಲಿ ಮುರಿದದ್ದು, ಸೀದದ್ದು, ಹಸಿಬಿಸಿ ಬೆಂದದ್ದೇ ಹೆಚ್ಚು. ನನಗಿಂತ ಮೊದಲು ಅಲ್ಲಿಗೆ ಹೋದ ಗಂಡಸರು ಒಬ್ಬರ ಹಿಂದೊಬ್ಬರು ಕೈಮುಗಿದು ವಾಪಸು ಬಂದಿದ್ದರು.

ದೀಪಾವಳಿ ಮುಗಿಯುತ್ತಲೇ ಸಾಹುಕಾರರು ನನ್ನನ್ನು ಕರೆದು ಶೆಡ್ಡಿನ ಕೀಲಿಕೈಯನ್ನು ಟೇಬಲ್ಲಿನ ಮೇಲೆ ಇಟ್ಟರು. "ಎಳ್ಳಮಾಸಿ ತನಕ ನೋಡ್ತೀನಿ. ಎಳ್ಳಮಾಸಿ ಆರ್ಡರ್ ಟೈಮಿಗಿ ಸರಿಯಾಗಿ ಬಂತು, ಛೊಲೊ ಆತು. ಬರ್ಲಿಲ್ಲಂದ್ರ ಶೆಡ್ಡಿಗಿ ಬೀಗ ಜಡದು ಈ ಕೀಲಿಕೈ ವಾಪಸ್ ಇಲ್ಲೇ ತಂದು ಇಡು. ಮಶಿನ್ ತರಸ್ತೀನಿ. ಮಶಿನ್ನಿಗಿ ಸಿಟ್ಟು ಇಲ್ಲ, ಸೆಡವು ಇಲ್ಲ" ಎಂದರು.

ನಮ್ಮ ಕಡೆ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಣ್ಣಬೇಕು. ಹೊಲವಿಲ್ಲದ ಪಟ್ಟಣದವರು ಗೆಳೆಯರ ಹೊಲಕ್ಕೋ ಪಾರ್ಕಿಗೋ ಹೋದಾರು, ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾತ್ರ ತಪ್ಪುವುದಿಲ್ಲ. ನಮ್ಮ ಅಂಗಡಿಗೆ ವರ್ಷದಲ್ಲೇ ದೊಡ್ಡ ಆರ್ಡರು ಅದು. ಹಬ್ಬದ ಹಿಂದಿನ ದಿನ ಮಧ್ಯಾಹ್ನದೊಳಗೆ ಬುಟ್ಟಿಗಳು ಸೇಡಂ ರಸ್ತೆಗೆ ಬರಬೇಕು. ಸಂಜೆಗೆ ಬಂದರೆ ಯಾರಿಗೂ ಬೇಡ. ನಾನು ಕೀಲಿಕೈಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. "ತರಂಗಿಲ್ರಿ" ಎಂದು ಹೇಳಿಯೇ ಹೊರಗೆ ಬಂದೆ.

ಮರುದಿನ ಬಸ್ಸಿಳಿದು ನೋಡುತ್ತೇನೆ, ಶೆಡ್ಡಿನ ಬಾಗಿಲ ಮುಂದೆ ಹೆಣ್ಣುಮಕ್ಕಳು ಸೆರಗು ಹೊದ್ದು ಚಳಿಯಲ್ಲಿ ಮುದುಡಿ ಕೂತಿದ್ದಾರೆ. ಕೀಲಿಕೈ ಮ್ಯಾನೇಜರನ ಕೈಯಲ್ಲಷ್ಟೇ ಇರಬೇಕೆಂದು ಸಾಹುಕಾರರ ಹುಕುಂ. ಹಿಂದೆ ಯಾವಾಗಲೋ ಹಿಟ್ಟಿನ ಚೀಲ ಕಾಣೆಯಾಗಿತ್ತಂತೆ, ಅಂದಿನಿಂದ ಯಾರ ಮೇಲೂ ನಂಬಿಕೆಯಿಲ್ಲ. ಮ್ಯಾನೇಜರ್ ಬರುವುದು ಕಲಬುರಗಿಯ ಬಸ್ಸಿಗೆ. ಬಸ್ಸು ಬರುವುದು ಅದರ ಮರ್ಜಿಗೆ. ಅಲ್ಲಿಯ ತನಕ ಇವರು ಹೊರಗೆ.

ಸಾಲಿನಲ್ಲಿ ಹಿರಿಯಳಾದ ಹೆಂಗಸೊಬ್ಬಳು ಎದ್ದು ನಿಂತಳು. ಹಣೆಯ ತುಂಬ ವಿಭೂತಿ, ಗಟ್ಟಿ ಆಳು. ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಗಡಿಯಾಕಿ ಬಂದಾಳ, ಏಳ್ರೆ" ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಕೀಲಿಕೈ ಕಡೆ ಗದ್ದ ಎತ್ತಿ ತೋರಿಸಿ, "ಅದೊಂದು ನಮ್ ಕೈಯಾಗ ಕೊಟ್ರ ನೀವು ಬರೂದ್ರಾಗ ಒಲಿ ಕಾಸಿ ಇಡ್ತೀವಿ. ಕೊಡಾಕ ಅಂಜಿಕಿ ಏನ್ರಿ?" ಎಂದು ಕೇಳಿದಳು. ಹೌದೆನ್ನಲು ನನಗೆ ಅಧಿಕಾರವಿರಲಿಲ್ಲ. ಬಾಗಿಲು ತೆಗೆದೆ.

ಒಳಗೆ ಗೋಡೆಯ ಮೇಲೆ ದೊಡ್ಡ ಅಕ್ಷರದ ಬೋರ್ಡು: ಮೌನವಾಗಿ ಕೆಲಸ ಮಾಡಿ. ಓದಿದ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿತು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಮಾತಾಡಬೇಡಿ ಅಂದರೆ ಏನರ್ಥ? ನಮ್ಮ ಮನೆಗಳಲ್ಲಿ ಅರ್ಧ ಊರಿನ ಸುದ್ದಿ ಹಂಚಿನ ಮುಂದೆಯೇ ಇತ್ಯರ್ಥವಾಗುತ್ತದೆ. ಸ್ಟೂಲು ಹಾಕಿಕೊಂಡು ಹತ್ತಿ ಬೋರ್ಡನ್ನು ಕಿತ್ತು ಒಲೆಯ ಪಕ್ಕಕ್ಕೆ ಎಸೆದೆ. ಒಬ್ಬಳು ಕಿಸಕ್ಕನೆ ನಕ್ಕಳು. ದೊಡ್ಡಕ್ಕ ನಗಲಿಲ್ಲ. ಬೋರ್ಡನ್ನು ಎತ್ತಿಕೊಂಡು ಹಿಂದೆ ಮುಂದೆ ನೋಡಿ, "ಹಿಟ್ಟು ಮುಚ್ಚಾಕ ಬರ್ತದ" ಎಂದು ತೆಗೆದಿಟ್ಟಳು.

ಅಲ್ಲಿ ಇನ್ನೊಂದು ವಸ್ತುವಿತ್ತು, ಉಕ್ಕಿನ ದೊಡ್ಡ ಬಳೆ. ರೊಟ್ಟಿ ಬಡಿದ ಮೇಲೆ ಅದನ್ನು ಮೇಲಿಟ್ಟು ಒತ್ತಿ ಅಂಚು ಕತ್ತರಿಸಬೇಕು. ಎಲ್ಲ ರೊಟ್ಟಿ ಒಂದೇ ಅಳತೆಗೆ ಬಂದರೆ ಹೆಸರು ಛಾಪಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಚೆಂದ ಕೂರುತ್ತದೆ ಎಂದು ಸಾಹುಕಾರರು ತಾವೇ ನಿಂತು ಮಾಡಿಸಿದ್ದು. "ಸಾಹುಕಾರ್ರು ನಮಗ ಬಳಿ ತೊಡಸ್ಯಾರ್ರಿ" ಎಂದು ಹೆಣ್ಣುಮಕ್ಕಳು ಅದನ್ನು ಆಡಿಕೊಳ್ಳುತ್ತಿದ್ದರು. ನಗು ಮೇಲಿಂದ ಮೇಲಷ್ಟೇ. ಕೈಯಿಂದಲೇ ದುಂಡಗೆ ಬಡಿಯಲು ಬಾರದವಳೆಂದು ಹೇಳಿಸಿಕೊಳ್ಳುವುದು ನಮ್ಮ ಕಡೆಯ ಹೆಣ್ಣಿಗೆ ಸಣ್ಣ ಮಾತಲ್ಲ. ನಾನು ಆಗ ಅದನ್ನು ಇದ್ದಲ್ಲೇ ಬಿಟ್ಟೆ. ಬಂದ ದಿನವೇ ಸಾಹುಕಾರರ ಕೂಸಿಗೆ ಕೈ ಹಚ್ಚುವುದು ಬೇಡ ಎನ್ನಿಸಿತು.

ಬೋರ್ಡು ಹೋಯಿತು, ಮಾತು ಬಂತು. ಆದರೆ ರೊಟ್ಟಿ ಸುಧಾರಿಸಲಿಲ್ಲ. ಆಗ ಸಾಹುಕಾರರು ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಫೋನ್ ಮಾಡಿದರು. ದೊಡ್ಡ ದೊಡ್ಡ ಕಂಪನಿಗಳಲ್ಲಿ ತಿಂಗಳ ಉತ್ತಮ ಕೆಲಸಗಾರ್ತಿ ಎಂದು ಒಬ್ಬಳನ್ನು ಆರಿಸಿ ಗೋಡೆಗೆ ಫೋಟೊ ಹಾಕುತ್ತಾರಂತೆ, ಉಳಿದವರಿಗೆ ಹುರುಪು ಬರುತ್ತದಂತೆ. ನನಗೂ ಹೌದೆನ್ನಿಸಿತು. ಆ ವರ್ಷವಷ್ಟೇ ಮದುವೆಯಾಗಿ ಬಂದಿದ್ದ ಒಬ್ಬ ಹುಡುಗಿ ಇದ್ದಳು. ಹೊಸ ಸೊಸೆ ಎಂದೇ ಅವಳನ್ನು ಕರೆಯುತ್ತಿದ್ದರು. ಅವಳ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ ಬರುತ್ತಿತ್ತು. ಅವಳನ್ನೇ ಆರಿಸಿ ಕಲಬುರಗಿಯ ಸ್ಟುಡಿಯೊದಲ್ಲಿ ಫೋಟೊ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದೆ. ಬರೀ ಫೋಟೊ ಬೋಳಾಗಿ ಕಂಡಿತು. ಇರಲಿ, ಗೌರವ ಮಾಡುವುದಾದರೆ ಪೂರ್ತಿ ಮಾಡೋಣ ಎಂದು ಒಂದು ಗಂಧದ ಹಾರ ತಂದು ಹಾಕಿ, ಕೆಳಗೆ ಕೆಂಪು ಬಲ್ಬನ್ನೂ ಹಚ್ಚಿಸಿದೆ.

ಮರುದಿನ ಅವಳ ಅತ್ತೆ ಶೆಡ್ಡಿಗೆ ನುಗ್ಗಿ ಬಂದಳು. ಯವ್ವಾ, ನನ್ನ ಬಾಯಿ ದೊಡ್ಡದೆಂದು ತಿಳಿದಿದ್ದೆ, ಅವಳ ಮುಂದೆ ನಾನು ಮೂಕಿ. "ಮುತ್ತೈದಿ ಹೆಣ್ಮಗಳು, ಉಸರಾಡಾಕತ್ತಾಳ, ರೊಟ್ಟಿ ಬಡ್ಯಾಕತ್ತಾಳ! ಫೋಟೋಕ್ಕ ಹಾರ ಹಾಕಿ ದೀಪ ಹಚ್ಚೀರಲ್ಲ, ಹೋದವರಿಗಿ ಹಾಕಿದಂಗ! ನಿಮ್ಮ ಕಣ್ಣಾಗ ಏನ್ ಬಿದ್ದದ?" ಎಂದು ಕೂಗುತ್ತ ಚೌಕಟ್ಟನ್ನು ಗೋಡೆಯಿಂದ ಇಳಿಸಿ ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಸೊಸೆಯ ದೃಷ್ಟಿಯನ್ನು ಅಲ್ಲೇ ಬಾಗಿಲಲ್ಲಿ ತೆಗೆದೇ ಹೋದಳು. ಹಾರ ಕೊಳ್ಳುವಾಗ ನನಗಾಗಲಿ, ಬಲ್ಬು ಹಚ್ಚಿದ ಎಲೆಕ್ಟ್ರಿಶಿಯನ್ನಿಗಾಗಲಿ ಇದು ಹೊಳೆಯಲಿಲ್ಲವಲ್ಲ!

ಶೆಡ್ಡಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ದೊಡ್ಡಕ್ಕ ನಿಧಾನಕ್ಕೆ ಬಾಯಿ ತೆರೆದಳು. "ಹಾರದ ಮಾತು ಬಿಡ್ರಿ. ಆಕಿ ತೆಳ್ಳಗ ಬಡೀತಾಳ, ಖರೇ. ಹಿಟ್ಟು ನಾದಿ ಕೊಡಾಕಿ ಯಾರು? ಹಂಚಿನ ಮ್ಯಾಲಿಂದ ತಗದು ಬೆಂಕಿ ಮುಂದ ಒಣಗ್ಸಾಕಿ ಯಾರು? ಒಬ್ಬಾಕಿನ ಫೋಟೋ ಹಾಕಿದ್ರ ಉಳದಾವ್ರು ಸುಮ್ ಕುಂತಿವೇನು?" ನಾನು ಹುರುಪು ತುಂಬಲು ಹೋಗಿ ಇದ್ದ ಸಾಲನ್ನೂ ಒಡೆದಿದ್ದೆ. ಹೊಸ ಸೊಸೆಯನ್ನು ಆರಿಸಿದಂದಿನಿಂದ ಅವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲವೆಂದು ಆಗ ಗೊತ್ತಾಯಿತು.

ನನಗೆ ತಡೆಯಲಾಗಲಿಲ್ಲ. "ಹಂಗಾದ್ರ ನಿಮಗೇನ್ ಬೇಕು, ಬಾಯಿ ಬಿಟ್ಟು ಹೇಳ್ರೆ! ಎಳ್ಳಮಾಸಿಗಿ ಆರ್ಡರ್ ತಪ್ಪಿದ್ರ ಈ ಶೆಡ್ಡಿಗಿ ಬೀಗ ಬೀಳ್ತದ. ಸಾಹುಕಾರ್ರು ನನಗ ಹೇಳಿ ಕಳ್ಸ್ಯಾರ. ಈಗ ನಿಮಗೂ ಹೇಳೀನಿ" ಎಂದು ಕಿರುಚಿದೆ. ಆ ಮಾತನ್ನು ಅವರಿಗೆ ಹೇಳಬಾರದೆಂದು ಸಾಹುಕಾರರ ಕಟ್ಟಪ್ಪಣೆಯಿತ್ತು. ಹೋಗಲಿ ಬಿಡಿ, ಯಾರ ಒಲೆ ಆರುತ್ತದೋ ಅವರಿಗೇ ತಿಳಿಸದೆ ಇಡುವುದು ಎಂಥ ನ್ಯಾಯ? ಈ ಶೆಡ್ಡು ಹೋದರೆ ಅವರಿಗೆ ಉಳಿಯುವುದು ತೊಗರಿ ಹೊಲದ ಕಳೆ, ಇಲ್ಲವೇ ಬೆಳಕು ಹರಿಯುವ ಮುಂಚೆ ಬಸ್ಸು ಹತ್ತಿ ಪಟ್ಟಣದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವುದು. ಹೊಸ ಸೊಸೆಗೆ ಅತ್ತೆಯ ಮನೆಯಲ್ಲಿ ಒಂದು ಮಾತಾಡುವ ಧೈರ್ಯ ಬಂದಿದ್ದೇ ಇಲ್ಲಿನ ಸಂಬಳದಿಂದ. ಅವಳೇ ತಲೆ ತಗ್ಗಿಸಿಕೊಂಡು, "ನಮ್ ರೊಟ್ಟಿ ಯಾರ್ ತಿಂತಾರ, ಒಂದ್ಸಲ ನೋಡ್ಬೇಕ್ರಿ" ಎಂದಳು.

ಎಂಥ ಸಣ್ಣ ಆಸೆ! ವರ್ಷಗಳಿಂದ ಬಡಿಯುತ್ತಿದ್ದಾರೆ, ಟೆಂಪೊ ಬಂದು ಬುಟ್ಟಿ ಒಯ್ಯುತ್ತದೆ, ಆಮೇಲೆ ಅದು ಎಲ್ಲಿ ಹೋಗುತ್ತದೆಂದು ಒಬ್ಬಳಿಗೂ ಗೊತ್ತಿಲ್ಲ. ಸೋಮವಾರ ಶೆಡ್ಡಿಗೆ ರಜೆ. ಆ ಸೋಮವಾರ ಎಲ್ಲರನ್ನೂ ಅದೇ ಟೆಂಪೊದಲ್ಲಿ ಕೂರಿಸಿಕೊಂಡು ಕಲಬುರಗಿಗೆ ಹೊರಟೆ. ಮದುವೆಗೆ ಹೋಗುವವರ ಹಾಗೆ ಇಳಕಲ್ ಸೀರೆ ಉಟ್ಟು, ಮಡಿಲಲ್ಲಿ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಬಂದಿದ್ದರು.

ಮೊದಲು ಮೋಮಿನಪುರದ ಒಂದು ಸಣ್ಣ ಹೋಟೆಲು. ಅದರ ಮಾಲೀಕ ಚಾಚಾ ನಮ್ಮ ಹಳೆಯ ಗಿರಾಕಿ. ಒಳಗೆ ಮಟನ್ ಸಾರಿನ ವಾಸನೆ. ದೊಡ್ಡಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು, "ನಾ ಇಲ್ಲೇ ನಿಂದ್ರತೀನಿ ತಾಯಿ" ಎಂದು ರಸ್ತೆಯಲ್ಲೇ ಉಳಿದಳು. ಉಳಿದವರು ಒಳಗೆ ಇಣುಕಿದರು. ಕೂಲಿಯವರು, ಆಟೊದವರು, ಗ್ಯಾರೇಜಿನವರು ತಟ್ಟೆಯ ಮುಂದೆ ಕೂತು ಇವರದೇ ರೊಟ್ಟಿಯನ್ನು ಮುರಿದು ತಿನ್ನುತ್ತಿದ್ದರು. ವಿಷಯ ತಿಳಿದ ಚಾಚಾ ಗಲ್ಲೆ ಬಿಟ್ಟು ಎದ್ದುಬಂದರು. "ಅರೇ ಬಹೆನ್, ನೀವೇ ಏನ್ರಿ ಅದು! ನಿಮ್ ರೊಟ್ಟಿ ಲೇಟ್ ಆದ ದಿನ ನನ್ ಗಿರಾಕಿ ಖಫಾ ಆಗಿ ಬಾಜೂ ಹೋಟೆಲ್ಲಿಗಿ ಹೋಗ್ತಾರ್ರೀ" ಎನ್ನುತ್ತ ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿದರು. ನಡುವೆ ಬೆರಳುಗಳು ಒತ್ತಿದ ಗುರುತು. "ಈ ಕೈ ಯಾರದು? ಇದು ಬಂದ ದಿನ ನಾ ಮೊದಲ ನನಗ ಒಂದ್ ತೆಗದಿಟ್ಕೋತೀನಿ."

ಹೊರಗೆ ನಿಂತಿದ್ದ ದೊಡ್ಡಕ್ಕ ಕತ್ತು ಚಾಚಿ ನೋಡಿದಳು. ಒಂದು ಹೆಜ್ಜೆ ಹತ್ತಿ ಒಳಗೆ ಬಂದಳು. "ಅದು ನಂದು" ಎಂದಳು. ಅವಳ ಸೆರಗು ಮೂಗಿನಿಂದ ಯಾವಾಗ ಜಾರಿತೋ ಅವಳಿಗೇ ಗೊತ್ತಾಗಲಿಲ್ಲ. ಚಾಚಾ ಪಕ್ಕದ ಅಂಗಡಿಯಿಂದ ಅವಳಿಗೆಂದೇ ಬೇರೆ ಚಹಾ ತರಿಸಿದರು; ಬೆಂಚಿನ ತುದಿಯಲ್ಲಿ ಕೂತು ಕುಡಿದಳು. ನಾನು ಹೊರಗೆ ಬಂದು ಕಾರಣವಿಲ್ಲದೆ ಟೆಂಪೊ ಡ್ರೈವರನ ಮೇಲೆ ರೇಗಿದೆ.

ಅಲ್ಲಿಂದ ಜೇವರ್ಗಿ ಕಾಲೋನಿ. ಅಲ್ಲಿ ವಾರಕ್ಕೊಮ್ಮೆ ನಮ್ಮ ರೊಟ್ಟಿ ತರಿಸುವ ಒಂದು ಮನೆ. ಬಾಗಿಲು ತೆಗೆದ ಅಜ್ಜಿ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನಾವು ಯಾರೆಂದು ಹೇಳಿದ ಕೂಡಲೇ, "ಬರ್ರಿ, ಬರ್ರಿ! ನಿಮ್ಮನ್ನ ಬಯ್ಯಬೇಕಂತ ಭಾಳ ದಿನದಿಂದ ಕಾಯಾಕತ್ತಿದ್ದೆ" ಎಂದಳು. ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ ನೀರು ಕೊಟ್ಟು ಆಮೇಲೆ ಶುರು ಮಾಡಿದಳು. "ರುಚಿಗಿ ಹೆಸರಿಡಂಗಿಲ್ಲ. ಆದರ ಈ ಅಂಚು! ಕತ್ತರಿ ಹಾಕಿ ಕತ್ತರಿಸಿದಂಗ ಇರ್ತದ. ನಮ್ಮ ಯಜಮಾನ್ರಿಗಿ ಹಲ್ಲಿಲ್ಲ, ಹಾಲಿನಾಗ ನೆನಸಿ ತಿಂತಾರ, ಆದರೂ ವಸಡಿಗಿ ಚುಚ್ಚತದ. ಮೊದಲ ಹಿಂಗ ಇರ್ಲಿಲ್ಲ. ಕೈಲೆ ಬಡದ ಅಂಚು ತೆಳ್ಳಗ ಇರ್ತಿತ್ತು, ಬಾಯಾಗ ಇಟ್ರ ಕರಗ್ತಿತ್ತು. ಯಾಕ ಹಿಂಗ ಮಾಡಾಕತ್ತೀರಿ?"

ಯಾರೂ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ನನಗೆ ಹೆಚ್ಚು ನಾಟಿತು. ಹೊಸ ಸೊಸೆ ಮಾತ್ರ, "ಅದು ಬಳಿ ಅಜ್ಜಿ, ನಾವಲ್ಲ" ಎಂದಳು. ದೊಡ್ಡಕ್ಕ ಅವಳ ತೊಡೆಗೆ ಚಿವುಟಿದಳು. "ಮುಂದಿನ ವಾರ ಯಜಮಾನ್ರಿಗಿ ಬ್ಯಾರೆ ಮೆತ್ತನ್ನ ರೊಟ್ಟಿ ಕಳಸ್ತೀವಿ. ಚುಚ್ಚಿದ್ರ ನನ್ನ ಹೆಸರು ಕರದು ಬಯ್ರಿ" ಎಂದಳು. ವಾಪಸು ಬರುವಾಗ ಟೆಂಪೊದಲ್ಲಿ ಹಿಂದಿನಿಂದ ಒಂದೇ ಗಲಾಟೆ. ಮೆತ್ತಗಾಗಲು ನೀರು ಎಷ್ಟು ಬಿಸಿಯಿರಬೇಕು, ಯಾರು ನಾದಬೇಕು, ಯಾವ ಒಲೆ ಸರಿ ಎಂದು ಮಹಾಗಾಂವ ದಾಟುವ ತನಕ ಜಗಳ. ನಾನು ಮುಂದಿನ ಸೀಟಿನಲ್ಲಿ ಕೂತು ಕೇಳುತ್ತಿದ್ದೆ. ಹೊಗಳಿಕೆಯ ಫೋಟೊದಿಂದ ಆಗದೆ ಇದ್ದದ್ದು ಒಬ್ಬ ಅಜ್ಜಿಯ ಬೈಗುಳದಿಂದ ಆಗಿತ್ತು.

ಇನ್ನು ಬಳೆಯ ಗತಿ. ಮರುದಿನ ಬೆಳಿಗ್ಗೆ ಕಮಲಾಪುರಕ್ಕೆ ಹೋಗುವ ಮೊದಲು ಅದನ್ನು ಸಾಹುಕಾರರ ಟೇಬಲ್ಲಿನ ಮೇಲೆ ಖಣ್ ಎಂದು ಇಟ್ಟೆ. ಹಿಂದಿನ ದಿನ ಅವರನ್ನು ಕಮಲಾಪುರದಲ್ಲಿ ಇಳಿಸಿ ಬರುವಾಗ ಟೆಂಪೊದಲ್ಲೇ ತಂದಿದ್ದೆ. "ಇದು ಹೋಗ್ಬೇಕ್ರಿ. ಇದು ಇದ್ರ ಅವರ ಕೈ ಕೆಲಸ ಮಾಡಂಗಿಲ್ಲ, ನಮ್ಮ ಗಿರಾಕಿ ಬಾಯಿ ಒಪ್ಪಂಗಿಲ್ಲ." ಅವರ ಮುಖ ಕೆಂಪಾಯಿತು. ಪ್ಲಾಸ್ಟಿಕ್ ಚೀಲದ ಮಾತು ತೆಗೆದರು, ನೋಟದ ಮಾತು ತೆಗೆದರು, ಕೊನೆಗೆ ನನ್ನ ಬಾಯಿಯ ಮಾತು ತೆಗೆದರು. ನಾನು ಜಗ್ಗಲಿಲ್ಲ. "ಚೀಲ ದೊಡ್ಡದು ಮಾಡ್ಸ್ರಿ, ರೊಟ್ಟಿ ಸಣ್ಣದು ಮಾಡಬ್ಯಾಡ್ರಿ" ಎಂದೆ. ಬಹಳ ಹೊತ್ತಿನ ಮೇಲೆ ಬಳೆಯನ್ನು ಡ್ರಾವರಿಗೆ ತಳ್ಳಿ, "ಎಳ್ಳಮಾಸಿ ಆರ್ಡರ್ ತಪ್ಪಿತೋ, ಆಮ್ಯಾಲ ನನ್ನ ಮುಂದ ಒಂದು ಮಾತಾಡಂಗಿಲ್ಲ. ಕೀಲಿಕೈ, ಅಷ್ಟೇ" ಎಂದರು. ಆ ಜೋರಿನಲ್ಲೇ ಇನ್ನೊಂದು ಕೀಲಿಕೈ ಮಾಡಿಸಿ ದೊಡ್ಡಕ್ಕನಿಗೆ ಕೊಡೋಣವೇ ಎಂದೂ ಕೇಳಿದೆ. "ಅದು ಮಾತ್ರ ಆಗಂಗಿಲ್ಲ" ಎಂದು ಕೈಯಾಡಿಸಿಬಿಟ್ಟರು.

ಬಳೆ ಹೋದ ಮೇಲಿನ ವಾರಗಳನ್ನು ನೆನೆದರೆ ಈಗಲೂ ನನಗೆ ಖುಷಿಯಾಗುತ್ತದೆ. ದಿನದ ಮೊದಲ ರೊಟ್ಟಿಗಳು ಬುಟ್ಟಿಗೆ ಹೋಗುವುದನ್ನು ನಿಲ್ಲಿಸಿದೆ. ಬಡಿದವರೇ ಮೊದಲು ತಿನ್ನಬೇಕು, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮೊಸರಿನ ಜೊತೆ ಹಚ್ಚಿಕೊಂಡು, ಸುತ್ತ ಕೂತು. ತಿನ್ನುವಾಗ ಅವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು: ಇದು ಗಟ್ಟಿಯಾತು, ಇದಕ್ಕ ಕಾವು ಸಾಲ್ಲಿಲ್ಲ. ನಾನು ಬಾಯಿ ಹಾಕುವ ಅಗತ್ಯವೇ ಬೀಳಲಿಲ್ಲ, ನನ್ನಂಥವಳಿಗೆ ಅದೇ ದೊಡ್ಡ ಕಷ್ಟ. ಜೇವರ್ಗಿ ಕಾಲೋನಿಯ ಅಜ್ಜನಿಗೆ ಮೆತ್ತನೆಯ ರೊಟ್ಟಿಯ ಪೊಟ್ಟಣ ಬೇರೆ ಹೋಗತೊಡಗಿತು. ಬರದೆ ಉಳಿದಿದ್ದವರನ್ನು ದೊಡ್ಡಕ್ಕ ತಾನೇ ಮನೆಮನೆಗೆ ಹೋಗಿ ಕರೆತಂದಳು. ಹೊಸ ಸೊಸೆಯ ಅತ್ತೆಯೂ ಒಂದು ದಿನ ಬಂದು ಒಲೆಯ ಮುಂದೆ ಕೂತಳು. "ಫೋಟೋ ಹಾಕಂಗಿಲ್ಲ ಅಂದ್ರ ಬರ್ತೀನಿ" ಎಂದು ಷರತ್ತು ಹಾಕಿಯೇ ಬಂದಳು.

ಹಬ್ಬದ ಹಿಂದಿನ ದಿನ ಬಂತು. ಸಜ್ಜೆ ಹಿಟ್ಟು, ಎಳ್ಳು, ಒಲೆಗೆ ತೊಗರಿ ಕಟ್ಟಿಗೆ ಎಲ್ಲ ಶೆಡ್ಡಿನ ಒಳಗೆ ಸಿದ್ಧವಾಗಿತ್ತು. ಮಾಮೂಲಿಗಿಂತ ಬೇಗ ಬರಲು ಎಲ್ಲರಿಗೂ ಹೇಳಿ, ನಾನೂ ಮೊದಲ ಬಸ್ಸು ಹತ್ತಿದ್ದೆ. ಬಸ್ಸು ಮಹಾಗಾಂವ ಕ್ರಾಸಿನ ಹತ್ತಿರ ಒಮ್ಮೆ ಕೆಮ್ಮಿ ನಿಂತೇಬಿಟ್ಟಿತು. ಡ್ರೈವರ್ ಇಳಿದು ಬಾನೆಟ್ ಎತ್ತಿದ, ಕಂಡಕ್ಟರ್ ಬೀಡಿ ಹಚ್ಚಿದ. ಹಬ್ಬದ ಗದ್ದಲದಲ್ಲಿ ಹಿಂದೆ ಬಂದ ಬಸ್ಸುಗಳೆಲ್ಲ ಬಾಗಿಲಲ್ಲಿ ಜನ ಜೋತುಬಿದ್ದು ನಿಲ್ಲದೆ ಹೋದವು. ಕೀಲಿಕೈ ನನ್ನ ಚೀಲದಲ್ಲಿ. ಅವರು ಚಳಿಯಲ್ಲಿ, ಬೀಗದ ಮುಂದೆ.

ದೊಡ್ಡಕ್ಕನಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಹೊಸ ಸೊಸೆಗೆ ಹಚ್ಚಿದೆ, ಎತ್ತಲಿಲ್ಲ. ಮತ್ತೆ ಮತ್ತೆ ಹಚ್ಚಿದೆ. ಕಾದು ಕಾದು ಬೇಸತ್ತು ಮನೆಗೆ ಹೋಗಿರಬೇಕು. ಅವರ ಮನೆಗಳಲ್ಲೂ ಹಬ್ಬವಿಲ್ಲವೇ? ಅಷ್ಟರಲ್ಲಿ ಸಾಹುಕಾರರದೇ ಫೋನು. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ, ಇದ್ದದ್ದನ್ನು ಹೇಳಿದೆ. ಆ ಕಡೆ ಒಂದು ನಿಟ್ಟುಸಿರು. "ಮುಗೀತು ಬಿಡು. ಬಾಗಿಲ ತೆರದಿಲ್ಲ, ಒಲಿ ಹೊತ್ತಿಲ್ಲ, ಇನ್ ಯಾವಾಗ ಬಡೀತೀರಿ? ವಾಪಸ್ ಬಾ. ಕೀಲಿಕೈ ತಗೊಂಡ್ ಬಾ" ಎಂದು ಇಟ್ಟರು. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಕಂಡಕ್ಟರ್ ಗಾಬರಿಯಾಗಿ ಬೀಡಿ ಬಿಸಾಕಿದ.

ವಾಪಸು ಹೋಗಲು ಮನಸ್ಸು ಬರಲಿಲ್ಲ. ಕಡೆಗೆ ಒಂದು ಬಾಳೆಕಾಯಿ ಲಾರಿಗೆ ಅಡ್ಡ ನಿಂತು, ಡ್ರೈವರನಿಗೆ ಅಣ್ಣಾ ಅಪ್ಪಾ ಎಂದು ಹತ್ತಿದೆ. ಕಮಲಾಪುರದ ತಿರುವು ಬಂದಾಗ ಬಾಳೆ ತೋಟದ ಆಚೆ ನಮ್ಮ ಶೆಡ್ಡಿನ ತಗಡಿನ ಮೇಲೆ ಹೊಗೆ ಕಂಡಿತು. ಬೆಂಕಿ ಬಿತ್ತೆಂದೇ ತಿಳಿದೆ. ಲಾರಿ ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದೆ. ಹತ್ತಿರ ಬಂದಾಗ ಸದ್ದು ಕೇಳಿತು. ಸಾಲಾಗಿ ಕೈಗಳು ರೊಟ್ಟಿ ಬಡಿಯುವ ಸದ್ದು, ನಡುವೆ ನಗು.

ಬಾಗಿಲು ಹಾರು ಹೊಡೆದಿತ್ತು. ಬೀಗ ಹೊಸ್ತಿಲ ಬಳಿ ಸೊಟ್ಟಗೆ ಬಿದ್ದಿತ್ತು, ಪಕ್ಕದಲ್ಲಿ ಒಂದು ಗುಂಡುಕಲ್ಲು. ಒಳಗೆ ಎಲ್ಲ ಒಲೆಯೂ ಉರಿಯುತ್ತಿತ್ತು, ಎಳ್ಳಿನ ಘಮ ಮೂಗಿಗೆ ಹೊಡೆಯಿತು. ಗೋಡೆಗೆ ಒರಗಿಸಿದ ಬುಟ್ಟಿಗಳು ಆಗಲೇ ಅರ್ಧಕ್ಕಿಂತ ಹೆಚ್ಚು ತುಂಬಿದ್ದವು. ಮೊಳೆಗೆ ನೇತುಹಾಕಿದ ಚೀಲದಲ್ಲಿ ಅವರ ಫೋನುಗಳು ನನ್ನ ಕರೆಗೆ ಬಡಿದುಕೊಂಡು ಸುಮ್ಮನಾಗಿದ್ದವು. ದೊಡ್ಡಕ್ಕ ಕೈ ನಿಲ್ಲಿಸಲಿಲ್ಲ.

"ಬೀಗ ನಾನೇ ಒಡದೀನ್ರಿ. ಬಯ್ಯೂದಿದ್ರ ನನಗ ಬಯ್ರಿ. ಎಷ್ಟೊತ್ತಂತ ಕಾಯೂದು? ಚಾಚಾನ ಗಿರಾಕಿ ಕಾಯ್ತಾರ, ಆ ಅಜ್ಜಿ ಕಾಯ್ತಾಳ" ಎಂದಳು.

ಬಯ್ಯುವುದೇ? ನಾನು ಅವಳ ಹಿಟ್ಟಿನ ಕೈಗಳನ್ನು ಹಾಗೇ ಹಿಡಿದುಕೊಂಡೆ. "ಬಿಡ್ರಿ, ರೊಟ್ಟಿ ಸೀಯ್ತದ" ಎಂದು ಕೊಡವಿಕೊಂಡಳು. ನಾನೂ ಸೆರಗು ಸಿಕ್ಕಿಸಿ ಕೂತೆ. ಎಳ್ಳು ಹಚ್ಚುವುದಷ್ಟೇ ನನಗೆ ಬಿಟ್ಟರು. ಆದರೂ ಹಟ ಮಾಡಿ ನಾನು ಬಡಿದ ಒಂದು ರೊಟ್ಟಿಯನ್ನು ಹೊಸ ಸೊಸೆಯ ಅತ್ತೆ ಎತ್ತಿ ತೋರಿಸಿ, "ಇದಕ್ಕ ಬಳಿ ಬೇಕ್ರಿ" ಎಂದು ಶೆಡ್ಡನ್ನೇ ನಗಿಸಿದಳು.

ಮಧ್ಯಾಹ್ನ ಟೆಂಪೊ ಸೇಡಂ ರಸ್ತೆಯ ಅಂಗಡಿಯ ಮುಂದೆ ನಿಂತಾಗ ಗಿರಾಕಿಗಳು ಆಗಷ್ಟೇ ಸೇರುತ್ತಿದ್ದರು. ಒಂದರ ಹಿಂದೊಂದು ಬುಟ್ಟಿ ಇಳಿಯುವುದನ್ನು ಸಾಹುಕಾರರು ಬಾಗಿಲಲ್ಲಿ ನಿಂತು ನೋಡಿದರು. ಏನೂ ಅರ್ಥವಾಗದೆ ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ನಾನು ಹಿಂದೆಯೇ ಹೋದೆ. "ಕೀಲಿಕೈ?" ಎಂದರು, ಕೇಳಬೇಕೆಂದು ಕೇಳಿದ ಹಾಗೆ.

ಚೀಲದಿಂದ ಸೊಟ್ಟ ಬೀಗವನ್ನು ತೆಗೆದು ಅವರ ಟೇಬಲ್ಲಿನ ಮೇಲೆ ಇಟ್ಟೆ. ಅದರ ಪಕ್ಕಕ್ಕೆ ಕೀಲಿಕೈಯನ್ನೂ ಇಟ್ಟೆ.

"ಯಾರು ಒಡದ್ರು?"

"ಕೆಲಸಕ್ಕ ಬರಂಗಿಲ್ಲ ಅಂತಿದ್ರಲ್ರಿ ನೀವು, ಅವರೇ. ಒಳಗ ಹೋಗಿ ಕೆಲಸ ಮಾಡಾಕ ಒಡದಾರ."

ಸಾಹುಕಾರರು ಬೀಗವನ್ನು ಕೈಗೆತ್ತಿಕೊಂಡು ತಿರುವಿ ತಿರುವಿ ನೋಡಿದರು. ನನ್ನ ಎದೆ ಹೆಮ್ಮೆಯಿಂದ ಉಬ್ಬಿತ್ತು, ಸುಳ್ಳೇಕೆ ಹೇಳಲಿ, ಬಾಗಿಲಲ್ಲಿ ಹಿಡಿಸಲಾರದಷ್ಟು ಉಬ್ಬಿತ್ತು. ಕೊನೆಗೆ ಅವರು ಡ್ರೈವರನನ್ನು ಕೂಗಿ ಪಕ್ಕದ ಅಂಗಡಿಯಿಂದ ಹೊಸ ಬೀಗ ತರಿಸಿದರು. ಅದರ ಜೊತೆ ಬಂದ ಎರಡು ಕೀಲಿಕೈಗಳನ್ನೂ ನನ್ನ ಕಡೆ ತಳ್ಳಿದರು. "ಒಂದು ನೀ ಇಟ್ಕೋ, ಒಂದು ಆಕಿಗಿ ಕೊಡು" ಎಂದರು. ಆಮೇಲೆ ಹಳೆಯ ಬೀಗವನ್ನು ಡ್ರಾವರಿಗೆ, ಆ ಉಕ್ಕಿನ ಬಳೆಯ ಪಕ್ಕಕ್ಕೆ ಹಾಕಿದರು.

ಹಬ್ಬದ ಮರುದಿನ ಎರಡೂ ಕೀಲಿಕೈಗಳನ್ನು ದೊಡ್ಡಕ್ಕನಿಗೇ ಕೊಟ್ಟೆ. ಬಸ್ಸಿನಲ್ಲಿ ಬರುವವಳಿಗೆ ಅದು ಯಾಕೆ? ಒಂದನ್ನು ಅವಳು ಹೊಸ ಸೊಸೆಗೆ ಕೊಟ್ಟಳು, ಇನ್ನೊಂದನ್ನು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅದರ ಮರುದಿನವೂ ನನ್ನ ಬಸ್ಸು ತಡವಾಗಿ ಬಂತು. ಶೆಡ್ಡು ತೆರೆದಿತ್ತು, ಒಲೆಗಳು ಕಾದಿದ್ದವು, ಹೊರಗೆ ಚಳಿಯಲ್ಲಿ ಯಾರೂ ಕೂತಿರಲಿಲ್ಲ. ದೊಡ್ಡಕ್ಕ ತಲೆಯೆತ್ತದೆ ರೊಟ್ಟಿಯನ್ನು ಹಂಚಿಗೆ ಹಾಕುತ್ತ, "ತಡ ಆತಲ್ರಿ ಮ್ಯಾನೇಜರ್ರೇ" ಎಂದು ಕೆಣಕಿದಳು. ಅಲ್ಲಿಯ ತನಕ ಅವಳ ಬಾಯಲ್ಲಿ ನಾನು ಅಂಗಡಿಯಾಕಿಯೇ ಆಗಿದ್ದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವರ ಸಾಲಿನಲ್ಲಿ ಕೂತು ಮೊದಲ ರೊಟ್ಟಿ ತಿಂದೆ.